ನೂರಕ್ಕೆ ಮೂರು ಪಾಲು ಬಳಪದ ಪುಡಿ

ನವೆಂಬರ್ ೯, ಶನಿವಾರ
ಇಟ್ಟಿಗೆ ಕಾರ್ಖಾನೆಯ ಪರೀಕ್ಷಾ ಕೋಣೆ. ಊಟದ ಬಿಡುವು, ಒಬ್ಬಳೇ ಇದ್ದೇನೆ.

ಪುಟ್ಟಿಯ ಅಪ್ಪನಿಗೆ,

ನೀವು ಮನೆ ಬಿಟ್ಟು ಏಳು ತಿಂಗಳಾಯಿತು. ಪುಟ್ಟಿ ಈಗ ನಿಮ್ಮನ್ನು ಕೇಳುವುದಿಲ್ಲ. ಅದನ್ನು ಹೇಳಲು ಈ ಪತ್ರವಲ್ಲ.

ನಮ್ಮ ಇಟ್ಟಿಗೆಯಿಂದ ಕಟ್ಟಿದ್ದ ಉಕ್ಕಿನ ಕುಲುಮೆಯ ಚಾವಣಿ ಕುಸಿದದ್ದು ನಿಮ್ಮಿಂದಲೇ ಎಂದು ಇಲ್ಲಿ ಎಲ್ಲರೂ ನಂಬಿದ್ದಾರೆ. ಭಟ್ಟಿ ಮೇಸ್ತ್ರಿಯಾಗಿದ್ದ ನೀವು ಕುಡಿದು ಮಲಗಿದಿರಿ, ಇಟ್ಟಿಗೆ ಅರೆಬೆಂದಿತ್ತು ಎನ್ನುತ್ತಾರೆ. ಮಣ್ಣು ಕಲಸುವ ಅಜ್ಜ ಒಬ್ಬರೇ ಮೊನ್ನೆ ಜಗಳಕ್ಕೆ ನಿಂತರು: "ಅವ್ನು ಭಟ್ಟಿ ಮುಂದೆ ನೀರೂ ಕುಡೀತಿರ್ಲಿಲ್ಲ ಕಣ್ರಯ್ಯಾ, ಬೆಂಕಿಗೆ ಹೊಟ್ಟೆಕಿಚ್ಚಾಗುತ್ತೆ ಅಂತಿದ್ದ!"

ಇಟ್ಟಿಗೆ ಅರೆಬೆಂದಿರಲಿಲ್ಲ. ಅಲ್ಯೂಮಿನಾ ಹೆಚ್ಚಿರುವ ನಮ್ಮ ಜೇಡಿಮಣ್ಣು ಬೇಯಲು ಉಗ್ರ ಬೆಂಕಿ ಬೇಕು. ನೂರಕ್ಕೆ ಮೂರು ಪಾಲು ಬಳಪದ ಕಲ್ಲಿನ ಪುಡಿ ಬೆರೆಸಿದರೆ ಅದು ಕಣಗಳ ನಡುವೆ ಕರಗಿ, ಕಡಿಮೆ ಬೆಂಕಿಯಲ್ಲೇ ಇಟ್ಟಿಗೆಯನ್ನು ಬಿಗಿಯುತ್ತದೆ ಎಂದವಳು ನಾನು. "ಇಷ್ಟು ಬೆಂಕಿ ಸಾಕಾ? ನಿಜ ಹೇಳು" ಎಂದು ನೀವು ಎರಡು ಸಲ ಕೇಳಿದಿರಿ. ಸಾಕು ಎಂದೆ. ಇಟ್ಟಿಗೆ ತಟ್ಟಿದರೆ ಕಂಚಿನಂತೆ ಕೇಳಿಸಿತು. ಒತ್ತುವ ಯಂತ್ರದಲ್ಲೂ ಜಗ್ಗಲಿಲ್ಲ. "ಬಳಪದಮ್ಮ ಗೆದ್ಬಿಟ್ಲು!" ಎಂದು ನೀವೇ ಎಲ್ಲರಿಗೂ ಕೂಗಿ ಹೇಳಿದಿರಿ.

ಆದರೆ ತಣ್ಣಗಿದ್ದಾಗ ಬಿಗಿದದ್ದೇ ಕಡುಬಿಸಿಯಲ್ಲಿ, ತಲೆಯ ಮೇಲೆ ಭಾರವಿದ್ದಾಗ, ಮತ್ತೆ ಮೆತ್ತಗಾಗುತ್ತದೆ. ಭಾರ ಹೇರಿ ಕಾಯಿಸಿ ನೋಡುವ ಪರೀಕ್ಷೆಗೆ ಎರಡು ದಿನ ಬೇಕು. ಆತುರದಲ್ಲಿ ಅದನ್ನು ಬಿಟ್ಟೆ. ಕುಲುಮೆ ಕಾಯುತ್ತಿದ್ದವನು ಚಾವಣಿಯ ಅಡಿಯಲ್ಲಿ ಸತ್ತ.

ನಿಮ್ಮನ್ನು ಕೆಲಸದಿಂದ ತೆಗೆದ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನೀನೂ ನಂಬ್ತೀಯೇನೇ?" ಎಂದು ಕೇಳಿದಿರಿ. ನಾನು ತಟ್ಟೆ ತೊಳೆಯುತ್ತಲೇ ಇದ್ದೆ. ನಂಬುತ್ತೇನೆ ಎಂದುಕೊಂಡು ನೀವು ಹೊರಟಿರಿ. ತಡೆಯಬೇಕಿದ್ದರೆ ನಿಜ ಹೇಳಬೇಕಿತ್ತು.

ಸೋಮವಾರ ತನಿಖೆಯವರು ಕೊನೆಯ ಸಲ ಬರುತ್ತಾರೆ. ಪುಡಿ ಬೆರೆಸಿದ್ದು ನನ್ನ ಮಾತಿನಿಂದ ಎಂದು ಬರೆದುಕೊಡುತ್ತೇನೆ. ಸತ್ತವನು ಬರುವುದಿಲ್ಲ. ನೀವೂ ಬರುವುದಿಲ್ಲ, ಗೊತ್ತು. ಉತ್ತರ ಬರೆಯಬೇಡಿ.

ಇಂತು,
ಪುಟ್ಟಿಯ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಪರೀಕ್ಷೆ ಬಿಟ್ಟೆ ಎಂದು ಮೇಲೆ ಬರೆದದ್ದು ಸುಳ್ಳು. ಮಾಡಿದ್ದೆ. ಇಟ್ಟಿಗೆಯ ಲಾರಿ ಹೊರಡುವ ಹಿಂದಿನ ಸಂಜೆ ಪರೀಕ್ಷೆಗಿಟ್ಟ ತುಂಡು ಸೊಂಟ ಮುರಿದವರಂತೆ ಬಾಗಿ ಹೊರಬಂತು. ಎಲ್ಲರೂ ಅಷ್ಟು ಹೊಗಳಿದ ಮೇಲೆ ತಪ್ಪಿದೆ ಎನ್ನಲು ಬಾಯಿ ಬರಲಿಲ್ಲ. ಆ ತುಂಡು ನನ್ನ ಬಳಿ ಇದೆ. ಸೋಮವಾರ ಅದನ್ನೂ ಅವರ ಮೇಜಿನ ಮೇಲೆ ಇಡುವುದೆಂದು ಈಗಷ್ಟೇ ನಿರ್ಧರಿಸಿದೆ.