ಊಟವಾಯಿತಾ ಎಂದು ಕೇಳದ ಊರು

ಮೆಟ್ಟಿಲೂರು
ಫೆಬ್ರವರಿ ಮೂವತ್ತು, ೨೧೩೧

ನೀಲಮ್ಮಾಯಿ,

ತಾರೀಖು ನೋಡಿ ಗಾಬರಿಯಾಗಬೇಡ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ಬಂದು ಹೋಗುತ್ತವೆ. ನಾನು ದೇವಿಂದ್ರ, ನಿನ್ನ ಮರಿಮೊಮ್ಮಗಳ ಮೊಮ್ಮಗ, ನೀನಿರುವ ಕಾಲಕ್ಕಿಂತ ನೂರು ವರ್ಷ ಮುಂದಿನವನು. ಯಾದಗಿರಿಯಿಂದ ಕೆಲಸಕ್ಕೆಂದು ಇಲ್ಲಿಗೆ ಬಂದು ಎಂಟು ತಿಂಗಳಾಯಿತು. ಇದು ಮೂರನೇ ಊರು, ಎಲ್ಲೂ ಕಾಲು ನಿಲ್ಲುವುದಿಲ್ಲ. ಕೂತು ಬರೆಯುವ ತಾಳ್ಮೆಯೂ ಇಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಕೆಲವು ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸು.

ಇಲ್ಲಿ ಮನೆಗಳು ಬೆಟ್ಟದ ಮೈಗೆ ಒಂದರ ಮೇಲೊಂದು. ಲಿಫ್ಟನ್ನು ಬೇಕೆಂದೇ ಹಾಕಿಲ್ಲ. ನನ್ನ ಕೆಲಸಕ್ಕೆ ಜೊತೆನಡೆ ಅನ್ನುತ್ತಾರೆ, ಅಂದರೆ ವಯಸ್ಸಾದವರ ಪಕ್ಕದಲ್ಲಿ ದಿನಾ ಮೆಟ್ಟಿಲು ಹತ್ತಿ ಇಳಿಯುವುದು. ಸಂಜೆ ಆರಕ್ಕೆ ಊರಿನ ಒಲೆಗಳೆಲ್ಲ ಆರಿದರೆ ಮರುದಿನ ಹನ್ನೊಂದರವರೆಗೆ ಹೊತ್ತುವುದಿಲ್ಲ. ಅದಕ್ಕೆ ಒಲೆಮೌನ ಎಂದು ಹೆಸರು. ನಿಮ್ಮ ಕಾಲದಲ್ಲಿ ವಿಜ್ಞಾನಿಗಳು ಇಲಿಗಳನ್ನು ಆಗಾಗ ಉಪವಾಸವಿಟ್ಟು, ಓಡಿಸಿ, ಅವುಗಳ ಮಿದುಳು ಗಟ್ಟಿಯಾದದ್ದನ್ನು ನೋಡಿದರಂತೆ. ಮನುಷ್ಯರಲ್ಲೂ ಮರೆವಿನ ರೋಗ ದೂರವಿಡಬಹುದೇನೋ, ಇನ್ನೂ ನೋಡಬೇಕು ಎಂದರಂತೆ. ಇನ್ನೂ ನೋಡಬೇಕು ಎಂಬುದನ್ನು ಇಲ್ಲಿಯವರು ದಾರಿಯಲ್ಲೆಲ್ಲೋ ಬಿಟ್ಟುಬಂದರು. ಈಗ ಯಾರನ್ನಾದರೂ ಊಟವಾಯಿತಾ ಎಂದು ಕೇಳುವುದೇ ಅಸಭ್ಯ, ವ್ರತದಲ್ಲಿದ್ದವರನ್ನು ಕೆಣಕಿದ ಹಾಗೆ. ಬಂದ ವಾರವೇ ಕೇಳಿ ಬೈಸಿಕೊಂಡೆ.

ನಾನು ನಡೆಸುವ ಕಾಶವ್ವನಿಗೆ ಎಪ್ಪತ್ತೆಂಟು. ನಮ್ಮ ಕಡೆಯವಳೇ. ನಾನು ಏದುಸಿರು ಬಿಟ್ಟರೆ, ಜೊತೆಗೆ ಹುಡುಗನ್ನ ಕೇಳಿದರೆ ಹರಕು ಹಾರ್ಮೋನಿಯಂ ಕಳಿಸಿದ್ದಾರೆ ಎಂದು ಹಂಗಿಸುತ್ತಾಳೆ. ಒಲೆಮೌನದಲ್ಲಿ ಊರಿಗೇ ಗಟ್ಟಿಗಿತ್ತಿ. ಹನ್ನೊಂದಾದ ಮೇಲೂ ಯಾರಾದರೂ ತಿನ್ನಲು ಕೊಟ್ಟರೆ ಒಂದೇ ಮಾತು.

“ಇವತ್ತ ನಂದು ಒಪ್ಪತ್ತದಪಾ.”

ಒಂದೇ ಹೊತ್ತು ಉಣ್ಣುವ ವ್ರತ, ನೀನೂ ಮಾಡುತ್ತೀಯಲ್ಲ. ಕೆಳಗಿನ ಸಾಲಿನಲ್ಲಿರುವ ಸೊಸೆ ದಿನಾ ಡಬ್ಬಿ ಕಳಿಸಿ, ಅತ್ತೆಯ ನೇಮವನ್ನು ಊರೆಲ್ಲ ಹೊಗಳುತ್ತಿದ್ದಳು. ಹೋದ ಸೋಮವಾರ ಮೆಟ್ಟಿಲಲ್ಲಿ ಕೈ ಹಿಡಿದಾಗ ಕಾಶವ್ವನ ಬಳೆ ಮೊಣಕೈವರೆಗೆ ಜಾರಿತು. ಒಳಗೆ ಹೋಗಿ ನೋಡಿದರೆ ಮೂರು ದಿನದ ಡಬ್ಬಿಗಳು ಮುಚ್ಚಳ ತೆಗೆಯದೆ ಹಳಸಿದ್ದವು. ಅವಳು ಉಣ್ಣುವುದನ್ನೇ ಮರೆತಿದ್ದಳು, ಆಯಿ. ನಾವೆಲ್ಲ ಅದನ್ನು ವ್ರತ ಎಂದುಕೊಂಡಿದ್ದೆವು.

ನನಗೆ ತಲೆ ಕೆಟ್ಟುಹೋಗಿದೆ. ಉಪವಾಸ ಅವಳ ಮರೆವನ್ನು ಇಷ್ಟು ವರ್ಷ ತಡೆದಿತ್ತಾ, ಬಚ್ಚಿಟ್ಟಿತ್ತಾ? ಮೆಟ್ಟಿಲು ಹತ್ತದಿದ್ದರೆ ಇನ್ನೂ ಬೇಗ ಬರುತ್ತಿತ್ತಾ? ಡಾಕ್ಟರಮ್ಮನನ್ನು ಕೇಳಿದೆ, ಎರಡೂ ಇರಬಹುದು ಎಂದರು, ಮೊದಲು ಉಣ್ಣಿಸು ಎಂದರು. ನೀನು ತೊಂಬತ್ತೆರಡರವರೆಗೆ ಮನೆಯವರೆಲ್ಲರ ಹೆಸರು ಹೇಳುತ್ತಿದ್ದೆ, ಅದು ಸೋಮವಾರದ ಒಪ್ಪತ್ತಿನ ಫಲ ಎಂದು ನಮ್ಮಲ್ಲಿ ಇವತ್ತಿಗೂ ಅನ್ನುತ್ತಾರೆ. (ನಿನಗಿನ್ನೂ ಆಗದ ವಯಸ್ಸು. ಹೇಳಬಾರದಿತ್ತೇನೋ.) ಅದು ಒಪ್ಪತ್ತಿನ ಫಲವೋ, ನಿನ್ನ ನಡಿಗೆಯದೋ, ಸಂಜೆ ಬಾಗಿಲಲ್ಲಿ ನಿಂತು ಊಟವಾಯಿತಾ ಎಂದು ವಿಚಾರಿಸುತ್ತಿದ್ದವರದೋ, ಹೇಗೆ ತಿಳಿಯಲಿ?

ಮರುದಿನ ಎಲ್ಲರೂ ನಡೆಯುವ ಹೊತ್ತಿನಲ್ಲಿ, ಎಲ್ಲರೆದುರು ಕೇಳಿಬಿಟ್ಟೆ.

“ಊಟಾತೇನಬೇ?”

ಮೆಟ್ಟಿಲ ಮೇಲಿದ್ದವರೆಲ್ಲ ನನ್ನತ್ತ ತಿರುಗಿ ಮುಖ ಗಂಟಿಕ್ಕಿದರು. ಕಾಶವ್ವ ಒಪ್ಪತ್ತು ಅನ್ನಲು ಬಾಯಿ ತೆರೆದವಳು ಅದನ್ನು ಬಿಟ್ಟು ಬಲಗೈ ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದಳು. ಸಾರಿನ ವಾಸನೆ ಏನಾದರೂ ಉಳಿದಿದೆಯಾ ಎಂದು.

“ನೆನಪಿಲ್ಲಪಾ,” ಅಂದಳು.

ಅಲ್ಲೇ ಕೂತು ನಾನು ತಂದಿದ್ದ ಎರಡು ರೊಟ್ಟಿ ತಿಂದಳು. ಆಮೇಲೆ ಎದ್ದು ಹತ್ತಿದೆವು. ಈ ತಿಂಗಳು ಈ ಊರನ್ನೂ ಬಿಡಬೇಕೆಂದಿದ್ದೆ. ಬಿಟ್ಟರೆ ನಾಳೆ ಅವಳನ್ನು ಕೇಳುವವರು ಯಾರು?

ಒಪ್ಪತ್ತು ಮಾಡು, ದಿನಾ ನಡಿ ಎಂದಾಗಲಿ, ಬೇಡ ಎಂದಾಗಲಿ ಹೇಳುವಷ್ಟು ತಿಳಿದವನಲ್ಲ ನಾನು. ನಿಮ್ಮ ಓಣಿಯಲ್ಲಿ ಆ ಪ್ರಶ್ನೆ ನಿಲ್ಲದ ಹಾಗೆ ಮಾತ್ರ ನೋಡಿಕೋ. ನಿನಗೆ ಕೇಳಿಸುವುದೋ ಇಲ್ಲವೋ, ನಾನಂತೂ ಇಲ್ಲಿಂದ ಕೇಳುತ್ತಿದ್ದೇನೆ.

ಊಟಾತ, ಆಯಿ?