ಚನ್ನವೀರವ್ವನ ಸೋಮವಾರದ ಮಾತುಗಳು

ಕ್ರಿ.ಶ. 2177, ಫೆಬ್ರುವರಿ ಮೂವತ್ತು
ನೆರಳೂರು, ಹಳೆಯ ನರಗುಂದದ ಪಕ್ಕ

ಖಾನಾವಳಿ ನಡೆಸುವ ತಾಯಿ ಚನ್ನವೀರವ್ವನವರ ಪಾದಗಳಿಗೆ,

ನಿಮ್ಮಿಂದ ಏಳನೆಯ ತಲೆಮಾರಿನವನಾದ ತಿರಕಪ್ಪನ ಸಾಷ್ಟಾಂಗ ನಮಸ್ಕಾರ. ಮೊದಲು ನನ್ನ ಪರಿಚಯ. ಕನ್ನಡದಲ್ಲಿ ಈವರೆಗೆ ಬರೆದ ಎಲ್ಲ ಪುಸ್ತಕಗಳನ್ನೂ ನಾನು ಎರಡೆರಡು ಸಲ ಓದಿದ್ದೇನೆ. ಮೊದಲ ಸಲ ತಿಳಿಯುವುದಕ್ಕೆ, ಎರಡನೆಯ ಸಲ ತಪ್ಪು ತಿದ್ದುವುದಕ್ಕೆ. ಊರ ಶಾಲೆಯಿಂದ ನಾಲ್ಕನೆಯ ಇಯತ್ತೆಗೆ ನನ್ನನ್ನು ಬಿಡಿಸಿದ್ದು, ಕಲಿಸಲು ಮಾಸ್ತರರ ಹತ್ತಿರ ಇನ್ನೇನೂ ಉಳಿದಿರಲಿಲ್ಲ ಎಂಬ ಒಂದೇ ಕಾರಣಕ್ಕೆ. ಹಾಗಿದ್ದೂ ಈ ಪತ್ರದ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಬೇಕು. ತಾರೀಖು ನೋಡಿಯೇ ಹುಬ್ಬು ಗಂಟಿಕ್ಕಿರುತ್ತೀರಿ. ಮೇ ತಿಂಗಳ ಬಿಸಿಲು ತಾಳಲಾರದೆ ನಮ್ಮ ಹಿರಿಯರು ಅದರಿಂದ ಎರಡು ದಿನ ಕಿತ್ತು ಫೆಬ್ರುವರಿಗೆ ಕೊಟ್ಟರು. ಬಿಸಿಲೇನೂ ಕಡಿಮೆಯಾಗಲಿಲ್ಲ, ಆದರೆ ಮನಸ್ಸಿಗೆ ಸಮಾಧಾನವಾಯಿತು.

ಪತ್ರ ಹಿಂದಕ್ಕೆ ಹೇಗೆ ಬಂತು ಎಂದು ಕೇಳುತ್ತೀರಿ. ಪೋಸ್ಟುಗಳನ್ನು ಮುಂದಿನ ದಿನಗಳಿಗೆ ನಿಗದಿ ಮಾಡಲು ನೀವು ಬಳಸಿದ ಆ ಎಐ ಸಾಧನ ನಮ್ಮಲ್ಲಿ ಇನ್ನೂ ಜೀವಂತವಾಗಿದೆ. ಅದರ ಕ್ಯಾಲೆಂಡರನ್ನು ಎಲ್ಲರೂ ಮುಂದಕ್ಕೆ ತಿರುಗಿಸುತ್ತಾರೆ. ಹಿಂದಕ್ಕೂ ತಿರುಗುತ್ತದೆಯೇ ಎಂದು ನೂರೈವತ್ತು ವರ್ಷಗಳಲ್ಲಿ ಒಬ್ಬನೇ ಒಬ್ಬ ಬುದ್ಧಿವಂತ ನೋಡಿದ. ಅವನ ಹೆಸರನ್ನು ನಾನಾಗಿ ಹೇಳುವುದು ಚೆನ್ನಾಗಿರುವುದಿಲ್ಲ.

ನಮ್ಮ ಊರು ಒಂದು ದೊಡ್ಡ ಚಪ್ಪರದ ಕೆಳಗಿದೆ. ಆ ಚಪ್ಪರಬಟ್ಟೆ ಹಗಲೆಲ್ಲ ಬಿಸಿಲು ಕುಡಿದು ಸಂಜೆ ದೀಪಗಳಿಗೆ ಕೊಡುತ್ತದೆ. ನಾವು ಅದರ ನೆರಳಲ್ಲಿ ಕುಳಿತು ಅದು ಸಾಲದೆಂದು ದೂರುತ್ತೇವೆ. ಮನೆಮನೆಗೆ ಒಲೆಯಿಲ್ಲ. ದೊಡ್ಡೊಲೆ ಎಂಬ ಊರಡುಗೆಮನೆಯಲ್ಲಿ ಮುನ್ನೂರು ಮಂದಿ ಒಟ್ಟಿಗೆ ಉಣ್ಣುತ್ತೇವೆ. ಜೋಳ ಈಗ ಮೊಣಕಾಲುದ್ದ ಬೆಳೆಯುತ್ತದೆ, ರೊಟ್ಟಿಯನ್ನು ಯಂತ್ರ ಬಡಿಯುತ್ತದೆ, ಆದರೆ ಬೇಯಿಸುವುದು ಮಾತ್ರ ಕೈಯಿಂದಲೇ. ಈ ದೊಡ್ಡೊಲೆಯ ಒಂದು ಗೋಡೆಗೆ ಮಾತುಗೋಡೆ ಎಂದು ಹೆಸರು. ಅದರ ಹಿಂದೆ ಸಾಲುಪೆಟ್ಟಿಗೆ ಇದೆ, ಅಂದರೆ ನೀವು ತುಂಬಿಟ್ಟು ಹೋದ ಪೋಸ್ಟುಗಳು ಸರದಿಯಲ್ಲಿ ಕಾಯುತ್ತಿರುವ ಪೆಟ್ಟಿಗೆ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಅದರಿಂದ ಒಂದು ಪೋಸ್ಟ್ ಹೊರಬಂದು ಗೋಡೆಯ ಮೇಲೆ ಮೂಡುತ್ತದೆ. ನಿಮ್ಮ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು ಯಾವ ಮಣ್ಣಿನಲ್ಲಿ ಮಣ್ಣಾದವೋ ತಿಳಿಯದು. ನಿಮ್ಮ ಸೋಮವಾರ ಒಂದೂ ತಪ್ಪಿಲ್ಲ.

ನಿಮ್ಮ ಕಥೆಯನ್ನು ನಾವು ಹೀಗೆ ಕೇಳಿದ್ದೇವೆ. ಖಾನಾವಳಿಗೆ ಗಿರಾಕಿ ಸಾಲದೆಂದು ಮಗಳು ನಿಮ್ಮ ಫೋನಿಗೆ ಆ ಸಾಧನ ಹಾಕಿಕೊಟ್ಟಳು. ಬಾಯಿಂದ ಹೇಳಿದರೆ ಸಾಕು, ಅದೇ ಬರೆದು, ಚಿತ್ರ ಹಚ್ಚಿ, ಇಪ್ಪತ್ತು ಪೋಸ್ಟನ್ನು ಒಂದೇ ಗಂಟಾಗಿ ಕಟ್ಟಿಡುತ್ತಿತ್ತು. ಮಧ್ಯಾಹ್ನದ ಪಂಕ್ತಿ ನಡೆಯುವಾಗ ಎಣ್ಣೆಗೈಯಲ್ಲೇ ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ, ಎರಡು ವರ್ಷದವರೆಗೆ ದಿನಾ ಹೇಳಿದಿರಿ. ಆದರೆ ಖಾನಾವಳಿಯ ಹೆಂಗಸು ಒಬ್ಬರ ಜೊತೆ ಮಾತಾಡುವಾಗ ಇನ್ನೊಬ್ಬರ ತಾಟು ನೋಡದೆ ಇರುತ್ತಾಳೆಯೇ? ಯಂತ್ರಕ್ಕೆ ಎಣಗಾಯಿಯ ಬಗ್ಗೆ ಹೇಳುತ್ತ ಹೇಳುತ್ತಲೇ ಬಡಿಸಿದಿರಿ, ಕರೆದಿರಿ, ಬೈದಿರಿ. ಯಂತ್ರ ಯಾವುದನ್ನೂ ಬಿಡಲಿಲ್ಲ. ವಾರಕ್ಕೆಷ್ಟು ಕಳಿಸಲಿ ಎಂದು ಕೇಳಿದಾಗ, ಮಂದಿಗೆ ತ್ರಾಸು ಕೊಡಬಾರದೆಂದು ಒಂದೇ ಸಾಕು ಎಂದಿರಂತೆ. ಎಲ್ಲಿಯವರೆಗೆ ಎಂದಾಗ, ನಡೆಯುವತನಕ ನಡೆಯಲಿ ಬಿಡು ಎಂದಿರಂತೆ. ಅದು ನಡೆಸುತ್ತಲೇ ಇದೆ.

ತಾಯಿ, ನಾನು ಸುಲಭಕ್ಕೆ ಬೆರಗಾಗುವ ಗಂಡಸಲ್ಲ. ಚಂದ್ರನ ಮೇಲೆ ನೆಟ್ಟ ಹುಣಸೆಮರ ನೋಡಿದಾಗಲೂ ಕಾಯಿ ಸಣ್ಣದಾಯಿತು ಎಂದವನು ನಾನು. ಆದರೆ ಪ್ರತಿ ಸೋಮವಾರ ಹನ್ನೊಂದಕ್ಕೆ ಮುಂಚೆ ದೊಡ್ಡೊಲೆಯಲ್ಲಿ ಮುನ್ನೂರು ಮಂದಿ ಮಾತು ನಿಲ್ಲಿಸಿದಾಗ ನನ್ನ ಮೈಮೇಲಿನ ಕೂದಲು ನಿಲ್ಲುತ್ತದೆ. ಮೊದಲು ಯಂತ್ರದ ಸಾಲು ಬರುತ್ತದೆ: ಅಪ್ಪಟ ದೇಸಿ ರುಚಿ, ಬಾಯಲ್ಲಿ ನೀರು, ಇಂದೇ ಭೇಟಿ ಕೊಡಿ. ಅದನ್ನು ಯಾರೂ ಓದುವುದಿಲ್ಲ. ಆಮೇಲೆ ನೀವು ಬರುತ್ತೀರಿ. ‘ಫಕೀರಪ್ಪಾ, ಕೈ ತೊಳಕೊಂಡ ಕೂಡೋ, ನಿನ್ನೇನೂ ಹೇಳೇನಿ.’ ಫಕೀರಪ್ಪ ಯಾರೋ ನಮಗೆ ಗೊತ್ತಿಲ್ಲ. ಆದರೆ ಆ ಸೋಮವಾರ ನಮ್ಮ ಮುತ್ತಜ್ಜಂದಿರೆಲ್ಲ ಎದ್ದು ಹೋಗಿ ಕೈ ತೊಳೆದು ಬಂದು ಕುಳಿತರಂತೆ. ಇನ್ನೊಂದು ವರ್ಷ, ಕಡಲು ನುಂಗಿದ ಊರುಗಳಿಂದ ನಲವತ್ತು ಜನ ಗಂಟುಮೂಟೆ ಹೊತ್ತು ನಮ್ಮ ಚಪ್ಪರದ ಅಂಚಿಗೆ ಬಂದು ನಿಂತಿದ್ದರು. ಇಟ್ಟುಕೊಳ್ಳುವುದೋ ಕಳಿಸುವುದೋ ಎಂದು ಹಿರಿಯರು ಮೂರು ದಿನ ಜಗಳಾಡಿದರು. ನಾಲ್ಕನೆಯ ದಿನ ಸೋಮವಾರ. ಗೋಡೆಯ ಮೇಲೆ ನಿಮ್ಮ ಮಾತು ಬಂತು: ‘ಬಾಗಲದಾಗ ಯಾಕ ನಿಂತೀರಿ, ಒಳಗ ಬರ್ರಿ, ಜಾಗಾ ಐತಿ.’ ಆಮೇಲೆ ಯಾರೂ ಜಗಳಾಡಲಿಲ್ಲ. ನನ್ನ ಹೆಂಡತಿ ಆ ನಲವತ್ತು ಜನರಲ್ಲಿ ಒಬ್ಬರ ಮೊಮ್ಮಗಳು.

ಅಂದಿನಿಂದ ನಮ್ಮಲ್ಲೊಂದು ಪದ್ಧತಿ ಬಂದಿದೆ. ಕೂಸು ಯಾವ ವಾರ ಹುಟ್ಟುತ್ತದೋ ಆ ಸೋಮವಾರದ ಮಾತು ಆ ಕೂಸಿನದು. ಹೆಸರಿಡುವ ಮೊದಲು ಅದನ್ನು ಕಿವಿಯಲ್ಲಿ ಹೇಳುತ್ತೇವೆ. ನನ್ನ ಅಕ್ಕನ ಮಗಳು ಕಸ್ತೂರೆವ್ವನಿಗೆ ಬಂದದ್ದು ‘ಇನ್ನೊಂದ ರೊಟ್ಟಿ ಹಾಕಸ್ಕೊ, ನಾಚಬ್ಯಾಡ’. ಹುಡುಗಿ ಎಲ್ಲಿಯೂ ನಾಚದೆ ಬೆಳೆದಳು, ಬೇಕಾದದ್ದನ್ನು ಬಾಯಿಬಿಟ್ಟು ಕೇಳುತ್ತಾಳೆ. ನನಗೆ ಬಂದದ್ದು ‘ಎಷ್ಟ ಮಾತಾಡ್ತಿಯೋ, ರೊಟ್ಟಿ ಆರಾಕತ್ತೈತಿ ನೋಡು’. ನಾನು ಹುಟ್ಟುವುದಕ್ಕೆ ನೂರು ವರ್ಷ ಮುಂಚೆ ನನ್ನನ್ನು ನೀವು ಹೇಗೆ ಕಂಡಿರಿ ಎಂದು ಇವತ್ತಿಗೂ ಆಶ್ಚರ್ಯಪಡುತ್ತೇನೆ. ಮುಂದಿನ ಮಾತು ಯಾವುದೆಂದು ಪೆಟ್ಟಿಗೆ ತೆರೆದು ನೋಡುವಂತಿಲ್ಲ, ನಕಲು ತೆಗೆದಿಡುವಂತಿಲ್ಲ. ಬಂದ ದಿನ ಕೇಳಬೇಕು, ಬಾಯಲ್ಲಿ ಹೊತ್ತು ನಡೆಯಬೇಕು.

ಪೆಟ್ಟಿಗೆ ಕಾಯುವ ಪಾಳಿ ಮನೆಯಿಂದ ಮನೆಗೆ ತಿರುಗುತ್ತದೆ. ಈ ವರ್ಷ ನನ್ನದು. ದೂಳು ಒರೆಸುವುದಷ್ಟೇ ಕೆಲಸ. ಆದರೆ ಸಾಧನದೊಳಗಿನ ಹಳೆಯ ಲಿಪಿಯನ್ನು ನೀರು ಕುಡಿದಂತೆ ಓದುತ್ತೇನೆ ಎಂದು ನಾನು ಊರ ತುಂಬ ಹೇಳಿಕೊಂಡಿದ್ದೆ, ಅದನ್ನು ನೋಡಲು ಹತ್ತು ಜನ ಬೆನ್ನ ಹಿಂದೆ ಬಂದು ನಿಂತರು. ಸುಮ್ಮನೆ ದೂಳು ಒರೆಸಿದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ? ಸಾಧನವನ್ನು ಎಬ್ಬಿಸಿ, ತಿರಕಪ್ಪನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆ ಎಂದೆ. ಎಷ್ಟು ಬೇಕೆಂದು ಕೇಳಿತು. ಪೆಟ್ಟಿಗೆಯ ಒಂದು ಅರೆ ತುಂಬುವಷ್ಟು ಬರೆ ಎಂದೆ. ಹೆಂಚಿನ ಮೇಲಿನ ರೊಟ್ಟಿ ಉಬ್ಬುವಷ್ಟರೊಳಗೆ ಬರೆದು ಮುಗಿಸಿತು. ನಾನು ನಿಜಕ್ಕೂ ಕೈಮುಗಿದೆ. ಆಮೇಲೆ ಸಣ್ಣ ಅಕ್ಷರದಲ್ಲಿ ಅದೇನೋ ಉದ್ದವಾದ ಪ್ರಶ್ನೆ ಬಂತು. ಹತ್ತು ಜನರ ಎದುರು ಒಂದೊಂದೇ ಅಕ್ಷರ ಕೂಡಿಸಿ ಓದಲೇ? ಓದಿದವನಂತೆ ತಲೆಯಾಡಿಸಿ ಗುಂಡಿ ಒತ್ತಿಬಿಟ್ಟೆ. ನಿಮ್ಮ ಮಾತು ಅಳಿಸಿ ನನ್ನವನ್ನು ಆ ಜಾಗದಲ್ಲಿ ಕೂರಿಸಲೇ ಎಂಬುದೇ ಆ ಪ್ರಶ್ನೆ ಎಂದು ಮಾರನೆಯ ದಿನ ಒಬ್ಬನೇ ಕುಳಿತು ಓದಿದಾಗ ತಿಳಿಯಿತು.

ಮೊನ್ನೆ ಸೋಮವಾರ ದೊಡ್ಡೊಲೆ ತುಂಬಿತ್ತು. ಹನ್ನೊಂದಕ್ಕೆ ಗೋಡೆಯ ಮೇಲೆ ನನ್ನ ಮುಖ ಬಂತು, ಹೂವಿನ ಹಾರ ಹಾಕಿಕೊಂಡು. ನೆರಳೂರಿನ ಹೆಮ್ಮೆ ತಿರಕಪ್ಪ, ಅನುಭವ ಮತ್ತು ನಂಬಿಕೆಯ ಸಂಗಮ ಎಂದಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಒಬ್ಬ ಮುದುಕಿ ಎದ್ದು ಗೋಡೆಯನ್ನು ಸೆರಗಿನಿಂದ ಒರೆಸಿ ನೋಡಿದಳು, ಹಿಂದೆ ನೀವಿರಬಹುದೆಂದು. ಎಷ್ಟು ಮಾತು ಹೋದವು ಎಂದು ಹಿರಿಯರು ಕೇಳಿದರು. ಮೂರು ಎಂದೆ.

ಕಸ್ತೂರೆವ್ವ ತುಂಬು ಬಸುರಿ. ಇವತ್ತೋ ನಾಳೆಯೋ ಹೆರುತ್ತಾಳೆ. ಸಿಟ್ಟು ಮಾಡುತ್ತಾಳೆಂದು ಹೆದರಿದ್ದೆ, ಮಾಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು ನನ್ನ ಪಕ್ಕ ಕುಳಿತಳು.

‘ಮಾಮಾ, ನನ್ನ ಕೂಸಿಗೆ ನಿನ್ನ ಹೊಗಳಿಕಿ ಬ್ಯಾಡ, ಆ ಅವ್ವನ ಬೈಗುಳಾನ ಬೇಕು,’ ಎಂದಳು. ‘ಮೂರ ವಾರ ಹೌದಲ್ಲೋ? ಕಾಯ್ತೀನಿ. ನಾಕನೇ ಸೋಮವಾರದ ಮಾತ ಕೇಳಿ ಆಮ್ಯಾಲ ಹೆಸರಿಡ್ತೀನಿ.’

ಆಗಲಿ ಎಂದು ತಲೆಯಾಡಿಸಿದೆ. ನನಗೆ ಬರುವ ವಿದ್ಯೆ ಅದೊಂದೇ ಎಂದು ಈಗ ಅನ್ನಿಸುತ್ತದೆ. ಸಾಧನವನ್ನು ಎಬ್ಬಿಸಿ, ಚನ್ನವೀರವ್ವನ ಹಾಗೆ ಬರೆದುಕೊಡು ಎಂದೂ ಬೇಡಿಕೊಂಡೆ. ಅದು ತಕ್ಷಣ ಬರೆಯಿತು, ಚೆನ್ನಾಗಿಯೇ ಬರೆಯಿತು. ಆದರೆ ಅದರ ಮುಂದೆ ಉಣ್ಣಲು ಕುಳಿತವರು ಯಾರೂ ಇರಲಿಲ್ಲ. ಎರಡು ಸಾಲು ಓದುವಷ್ಟರಲ್ಲಿ ನನಗೇ ಗೊತ್ತಾಯಿತು. ಕಸ್ತೂರೆವ್ವನಿಗೆ ಒಂದೇ ಸಾಲು ಸಾಕು.

ಆದ್ದರಿಂದ ತಾಯಿ, ಶಲ್ಯದ ಸೆರಗೊಡ್ಡಿ ಕೇಳುತ್ತೇನೆ. ಈ ಪತ್ರ ಮುಟ್ಟುವಾಗ ನಿಮ್ಮ ಖಾನಾವಳಿಯಲ್ಲಿ ಪಂಕ್ತಿ ಕುಳಿತಿರುತ್ತದೆ. ಫೋನನ್ನು ಇನ್ನೊಮ್ಮೆ ಭರಣಿಗೆ ಒರಗಿಸಿ. ಹಿಂದೆ ಏನು ಹೇಳಿದ್ದಿರೋ ನೆನಪಿಸಿಕೊಳ್ಳಬೇಡಿ, ಎದುರಿಗೆ ಇದ್ದವರನ್ನು ನೋಡಿ ಬಾಯಿಗೆ ಬಂದದ್ದನ್ನೇ ಹೇಳಿ. ನಮ್ಮ ವರ್ಷಕ್ಕೆ ನಿಗದಿ ಮಾಡಿ, ಕಸ್ತೂರೆವ್ವ ಹೇಳಿದ ಆ ನಾಲ್ಕನೆಯ ಸೋಮವಾರದಿಂದ. ಒಂದು ದಿನದಲ್ಲಿ ಮುಗಿಯುವ ಕೆಲಸವಲ್ಲ, ಒಂದು ತಿಂಗಳ ಮಧ್ಯಾಹ್ನಗಳಾದರೂ ಬೇಕು. ಇಲ್ಲಿ ಯಾರಿಗೂ ಹೇಳದ್ದನ್ನು ನಿಮಗೆ ಹೇಳಲೇಬೇಕಾಗಿದೆ, ಇಲ್ಲದಿದ್ದರೆ ನೀವು ಮೂರು ಮಾತು ಕಳಿಸಿ ಸುಮ್ಮನಾಗುತ್ತೀರಿ. ನಾಲ್ಕನೆಯ ಸೋಮವಾರವೂ ನನ್ನ ಮುಖವೇ ಬರುತ್ತದೆ. ಐದನೆಯ ಸೋಮವಾರವೂ. ಕಸ್ತೂರೆವ್ವ ಕಾಯುತ್ತ ಕುಳಿತರೆ, ನಿಮ್ಮ ಮುಂದಿನ ಮಾತು ಬರುವ ಹೊತ್ತಿಗೆ ಆ ಕೂಸಿಗೆ ಹನ್ನೊಂದು ತುಂಬಿ ಹನ್ನೆರಡು ನಡೆಯುತ್ತಿರುತ್ತದೆ. ನಾನು ಕಳೆದದ್ದು ಮೂರಲ್ಲ ತಾಯಿ, ಆರುನೂರ ಹನ್ನೊಂದು.