ಹೆಸರು ಹೇಳಿದ ಬೇರು

ರತ್ನಗಿರಿ, ಮಡಕಶಿರಾ ತಾಲ್ಲೂಕು
೧೨-೨-೧೯೪೧

ಚಿರಂಜೀವಿ ಜಯಣ್ಣನಿಗೆ ನಿನ್ನ ಸೋದರಮಾವ ಜುಂಜಪ್ಪ ಮಾಡುವ ಆಶೀರ್ವಾದ.

ನೀನು ಕ್ಷೇಮವೇ? ನಿನ್ನ ಹೆಂಡತಿ ಮೈಲಾರಮ್ಮನ ಕೆಮ್ಮು ನಿಂತಿತೇ? ಮಗು ತಿಪ್ಪಮ್ಮನಿಗೆ ಮದರಾಸಿನ ನೀರು ಒಗ್ಗಿತೇ? ಇಲ್ಲಿ ನಾನು ಓಡಾಡಿಕೊಂಡಿದ್ದೇನೆ. ತಾನು ಚೆನ್ನಾಗಿರುವುದಾಗಿ ಬರೆ ಎಂದು ನಿಮ್ಮವ್ವ ಹೇಳಿದಳು, ಬರೆದಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಕಾರಣ ಹೇಳುತ್ತೇನೆ.

ಆ ಕಾಗದದಲ್ಲಿ ನೀನು, ನಾನು ಕಳಿಸಿದ ಬೇರಿನ ಕಷಾಯವನ್ನು ಎದೆಯಲ್ಲಿ ಗಡ್ಡೆ ಎದ್ದ ಹನ್ನೆರಡು ಇಲಿಗಳಿಗೆ ಕುಡಿಸಿದೆ, ಅಂಥವೇ ಇನ್ನೂ ಹನ್ನೆರಡಕ್ಕೆ ಬರೀ ನೀರು ಕುಡಿಸಿದೆ, ಎರಡು ಗುಂಪಿನಲ್ಲೂ ಗಡ್ಡೆ ಒಂದೇ ಸಮ ಬೆಳೆದು ಇಲಿಗಳು ಸತ್ತವು ಎಂದು ಬರೆದಿದ್ದೆ. ಕೊನೆಗೆ, "ಮಾವ, ಈ ಮದ್ದು ಕುಡಿಯುತ್ತಿರುವ ಆ ಹೇಮಾವತಿಯ ಹೆಂಗಸನ್ನು ತಡಮಾಡದೆ ದೊಡ್ಡಾಸ್ಪತ್ರೆಗೆ ಕಳಿಸು. ಗಡ್ಡೆ ಚಿಕ್ಕದಿದ್ದಾಗಲೇ ಕೊಯ್ದು ತೆಗೆಯಬೇಕು" ಎಂದಿದ್ದೆ.

ನನಗೆ ಸಿಟ್ಟು ಬಂದದ್ದು ನಿನ್ನ ಮೇಲಲ್ಲ, ನನ್ನ ಮೇಲೆ. ಬೇರು ಕೀಳುವವನು ಅದರ ಹೆಸರನ್ನು ಬಾಯಿಬಿಟ್ಟರೆ ಗುಣ ಹೋಗುತ್ತದೆ ಎಂದು ನನ್ನಪ್ಪ ಹೇಳಿಕೊಟ್ಟಿದ್ದ. ನಲವತ್ತು ವರ್ಷ ಯಾರಿಗೂ ಹೇಳದವನು, ನಿಮ್ಮ ಪ್ರಯೋಗಶಾಲೆಯ ದೊರೆ ಹೆಸರಿಲ್ಲದ ಬೇರನ್ನು ಮುಟ್ಟುವುದಿಲ್ಲ ಅಂದನೆಂದು ನಿನಗೆ ಬರೆದು ಕಳಿಸಿದೆ. ಅದಕ್ಕೇ ಮದ್ದು ಕೆಟ್ಟಿತು, ಇಲಿಗಳು ಸತ್ತವು ಅಂದುಕೊಂಡೆ. ಮುಂದಿನ ಭಾನುವಾರ ಯಾರೊಡನೆಯೂ ಮಾತಾಡದೆ ಕೋಟೆಗುಡ್ಡ ಹತ್ತಿ ಹೊಸ ಬೇರು ಕಿತ್ತು ತಂದೆ. ಎರಡು ತಿಂಗಳು ಆ ಹೆಂಗಸಿಗೆ ಅದನ್ನೇ ಕೊಟ್ಟೆ.

ಆಕೆ ಓದು ಬಾರದವಳು. "ಕಾಗದದಾಗೆ ಏನೈತಣ್ಣ, ಓದು" ಅಂದಳು. "ಇಲಿಗಳಿಗೆಲ್ಲ ವಾಸಿ ಆಗೈತಂತೆ" ಎಂದು ಓದಿದೆ. ನಕ್ಕಳು. "ಇಲಿಗೆ ಕಷಾಯ ಕುಡ್ಸಾಕೆ ಮದರಾಸಿಗಂಟ ಹೋಗಿ ಓದ್ಬೇಕಿತ್ತಾ ನಿನ್ನಳಿಯ? ಇರ್ಲಿ ಬಿಡು. ಇಲಿಗಳು ಬದುಕಿದ್ಮ್ಯಾಗೆ ನಾನೂ ಬದುಕ್ತೀನಿ" ಎಂದು ಕಹಿಯನ್ನೆಲ್ಲ ಒಂದೇ ಉಸಿರಿಗೆ ಕುಡಿದು ಲೋಟ ಬೋರಲು ಹಾಕಿದಳು.

ಹೋದ ವಾರ ಆಕೆಯ ಗಡ್ಡೆ ಒಡೆಯಿತು. ಕಂಕುಳಲ್ಲೂ ಗಂಟು ಕೈಗೆ ಸಿಗುತ್ತದೆ. ಎಷ್ಟು ಸಲ ಬಟ್ಟೆ ಬದಲಿಸಿದರೂ ನೆನೆಯುತ್ತದೆ. ಹೆಸರು ಹೇಳದೆ ಕಿತ್ತ ಬೇರೂ ನೀರಿಗೆ ಸಮವೇ ಆಯಿತು. ಬರೀ ನೀರು ಕುಡಿದ ಆ ಇಲಿಗಳು ಯಾತಕ್ಕೆ ಬೇಕಿತ್ತೆಂದು ನನಗೆ ಈಗ ತಿಳಿಯಿತು.

ಸಿದ್ಧೇಶ್ವರಸ್ವಾಮಿ ನಿನ್ನ ಸಂಸಾರವನ್ನು ಕಾಯಲಿ. ಮಗುವಿನ ತಲೆ ಸವರಿದೆನೆಂದು ಹೇಳು.

ಇತಿ ನಿನ್ನ ಮಾವ,
ಜುಂಜಪ್ಪ

ತಾ.ಕ.: ಹೇಮಾವತಿಯಲ್ಲಿ ಅಂಥ ಹೆಂಗಸು ಯಾರೂ ಇಲ್ಲ. ಅವಳು ನಿಮ್ಮವ್ವ, ನನ್ನ ತಂಗಿ ಕದರಮ್ಮ. ಗಡ್ಡೆ ಹುಣಸೆಬೀಜದಷ್ಟಿದ್ದಾಗಲೇ ನನಗೆ ಹೇಳಿದ್ದಳು. "ಮಗನತ್ರ ಆಡೋ ಮಾತಾ ಇದು? ಅವನಿಗೆ ತಿಳೀಬಾರ್ದು" ಎಂದು ಆಣೆ ಮಾಡಿಸಿಕೊಂಡಿದ್ದಳು. ಈಗ ಆಸ್ಪತ್ರೆಗೆ ನಡಿ ಅಂದರೆ, "ಇಲಿಗಳಿಗೆ ವಾಸಿ ಆಯ್ತಲ್ಲಣ್ಣ, ತಡಿ" ಅನ್ನುತ್ತಾಳೆ. ನಿಜ ಹೇಳಲು ನನಗೆ ಬಾಯಿ ಬರುತ್ತಿಲ್ಲ. ಇಲಿಗಳ ನಿಜ ಬರೆದು, ಮದರಾಸಿನ ಆಸ್ಪತ್ರೆಗೆ ಬಾ ಎಂದು ನೀನೇ ಅವಳ ಹೆಸರಿಗೆ ಒಂದು ಕಾಗದ ಹಾಕು. ಅದನ್ನು ನಾನು ಓದುವುದಿಲ್ಲ, ಪೋಸ್ಟ್ ಮಾಸ್ತರರಿಂದ ಓದಿಸುತ್ತೇನೆ. ಬೇಗ ಬರೆ.